ಇಕ್ಕಟ್ಟಿನ ದೊಡ್ಡಿ

ನೊಣ, ಕೆಳತುಟಿಯ ಜೊಲ್ಲಿಗೆ ಅಂಟಿಕೊಳ್ಳುತ್ತ ಬಿಡಿಸಿಕೊಳ್ಳುತ್ತ ಒಂದು ನೊಣ, ಓಡಿಸೋಣವೆಂದರೆ ಮೂರನೇ ಕೈ ಇಲ್ಲ, ಎಡಗೈ ಟಗರಿನ ದವಡೆಯ ಕೆಳಗೆ, ಬಲಗೈಯ ಹೆಬ್ಬೆರಳು ಅದರ ಬಾಯಲ್ಲಿ, ಹೆಬ್ಬೆರಳಿಗೆ ನಿನ್ನೆಯ ಸೀಮೆಎಣ್ಣೆ ವಾಸನೆ, ಸೋಪಿಗೂ ಜಗ್ಗದ ವಾಸನೆ — ಬಾಯಿ ತೆಗಿ, ತೆಗಿ ಮಗನೇ, ನಿನ್ನ ಹಲ್ಲೇನು ಚಿನ್ನದ್ದಾ. ಚಿನ್ನದ್ದಲ್ಲ. ಕೆಳಸಾಲಿನಲ್ಲಿ ಎರಡು ಇಲ್ಲವೇ ಇಲ್ಲ, ಉಳಿದವು ಹಳೇ ಬೇಲಿಯ ಗೂಟಗಳ ಹಾಗೆ ಉದ್ದುದ್ದ ಬೆಳೆದು ತೋಚಿದ ಕಡೆ ವಾಲಿಕೊಂಡಿವೆ, ಇದರಲ್ಲಿ ಹುಲ್ಲು ಕಡಿಯುವುದೆಂದರೆ ಮುರಿದ ಬಾಚಣಿಗೆಯಲ್ಲಿ ತಲೆ ಬಾಚಿದ ಹಾಗೆ. ಹೆಡ್‌ಮಾಸ್ತರನಿಗೆ ಮುಪ್ಪು ಬಂದಿದೆ. ಟಗರಿಗೆ ಆ ಹೆಸರಿಟ್ಟವನು ಮಾವ, ಇದು ಗೇಟಿನ ಬಳಿ ಬಂದು ನಿಂತರೆ ಸಾಕು ಇಡೀ ಹಿಂಡು ಬಾಯಿ ಮುಚ್ಚಿ ಸಾಲಾಗಿ ನಿಲ್ಲುತ್ತಿತ್ತಂತೆ, ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, ಗಂಡು ಅಂದ್ರೆ ಹೀಗಿರ್ಬೇಕು ನೋಡ್ರೀ, ಆಮೇಲೆ ಅವನ ಕಣ್ಣು ಮೆಲ್ಲಗೆ ಅಳಿಯನ ಕಡೆ ಹೊರಳುತ್ತಿತ್ತು, ಬಾಯಿ ಏನೂ ಹೇಳುತ್ತಿರಲಿಲ್ಲ, ಮಕ್ಕಳಿಲ್ಲದ ಮನೆಯಳಿಯನಿಗೆ ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಈಗಲೂ ಕೂತಿದ್ದಾನೆ, ಗೇಟಿನ ಪಕ್ಕ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಮೊಣಕಾಲುಗಳ ನಡುವೆ ಕೋಲು, ಕೋಲಿನ ಮೇಲೆ ಕೈ, ಕೈ ಮೇಲೆ ಗದ್ದ, ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದಾನೆ. ನೋಡಲಿ. ಇವತ್ತಿನ ತೀರ್ಮಾನ ಅವನದಲ್ಲ. ನಿನ್ನೆ ಊಟಕ್ಕೆ ಕೂತಾಗ ಅವನೇ ಅಂದದ್ದು, ಎರಡು ಟಗರಿಗೂ ವಯಸ್ಸಾಯ್ತು, ಚಳಿಗಾಲಕ್ಕೆ ಇರೋ ಮೇವು ಒಂದಕ್ಕೇ ಆಗೋದು, ನಾಳೆ ಕಸಾಯಿಯವನ ವ್ಯಾನ್ ಬರುತ್ತೆ, ಯಾವುದು ಹೋಗ್ಬೇಕು ಯಾವುದು ಇರ್ಬೇಕು ಅಂತ ನೀನೇ ನೋಡಿ ಹೇಳಪ್ಪ, ನಂದೇನು ಇನ್ನು. ಬಡಿಸುತ್ತಿದ್ದ ಹೆಂಡತಿಯ ಸೌಟು ಅರ್ಧದಲ್ಲೇ ನಿಂತಿತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಂದು ಬಾಗಿಲಿಗೆ ಯಾವ ಬಣ್ಣ ಹೊಡೆಯಬೇಕೆಂದು ಕೂಡ ಯಾರೂ ಇವನನ್ನು ಕೇಳಿರಲಿಲ್ಲ.

ಬೆನ್ನು. ಉಣ್ಣೆಯೊಳಗೆ ಬೆರಳು ತೂರಿಸಿದರೆ ಬೆನ್ನೆಲುಬು ಗರಗಸದ ಹಾಗೆ ಸಿಗುತ್ತದೆ, ಹೊರಗಿನಿಂದ ನೋಡಿದವರಿಗೆ ಉಣ್ಣೆಯೇ ಮೈ ಅನ್ನಿಸಬೇಕು, ಮೋಸ, ಟಗರಿನ ಮೈಯೂ ಮೋಸ, ಬಕೆಟ್ಟಿನ ಮೇಲೆ ಕೂತವನ ಕೋಟೂ ಮೋಸ, ಅದರೊಳಗೆ ಎಷ್ಟು ಮನುಷ್ಯ ಉಳಿದಿದ್ದಾನೋ. ಈಗ ಬಾಗಿ ಹಿಂಗಾಲುಗಳ ನಡುವೆ ಕೈ ಹಾಕಬೇಕು, ಬೀಜ ಹಿಡಿದು ನೋಡಬೇಕು, ಇದನ್ನೂ ಕಲಿಸಿದವನು ಅವನೇ, ಬಿಗಿದ ಮುಷ್ಟಿ ಹಾಗಿರ್ಬೇಕು ಕಣೋ, ಮೆತ್ತಗಿದ್ರೆ ಅದು ಟಗರಲ್ಲ, ಕಂಬಳಿ. ಒಂದು ಮೆತ್ತಗಿದೆ, ಇನ್ನೊಂದು ಮುದುಡಿ ಮೇಲಕ್ಕೆ ಸೇರಿಕೊಂಡಿದೆ. ಹೆಡ್‌ಮಾಸ್ತರ ಕಂಬಳಿ. ಗೊತ್ತಿದ್ದದ್ದೇ, ಬಣ್ಣ ಹೇಳಿಬಿಟ್ಟಿತ್ತು. ಟಗರನ್ನು ಕುರಿಗಳ ಜೊತೆ ಬಿಡುವ ಕಾಲದಲ್ಲಿ ಅದರ ಎದೆಗೆ ಬಣ್ಣ ಬಳಿಯುತ್ತಾರೆ, ಅದು ಹತ್ತಿದ ಕುರಿಯ ಬೆನ್ನಿಗೆ ಆ ಬಣ್ಣ ಅಂಟುತ್ತದೆ, ಗಬ್ಬ ನಿಂತ ಕುರಿ ಮತ್ತೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಮೊದಲು ಹಳದಿ ಬಳಿದು ಆಮೇಲೆ ಕೆಂಪು ಬಳಿದರೆ ಯಾವ ಕುರಿ ನಿಂತಿದೆ ಯಾವುದು ನಿಂತಿಲ್ಲ ಎಂದು ದೂರದಿಂದಲೇ ತಿಳಿಯುತ್ತದೆ. ಕೆಳಗಿನ ಹೊಲದಲ್ಲಿ ಇನ್ನೊಂದು ಟಗರಿನ, ಒಂಟಿಕೊಂಬನ, ಕುರಿಗಳು ಹಳದಿಯಾಗಿಯೇ ಉಳಿದವು. ಮೇಲಿನ ಹೊಲದಲ್ಲಿ ಹೆಡ್‌ಮಾಸ್ತರನ ಕುರಿಗಳು ಹಳದಿಯಾದವೆಲ್ಲ ಕೆಂಪಾದವು, ಒಂದೂ ಬಿಡದೆ. ಮಾವ ಬೇಲಿಗೆ ಒರಗಿ ನೋಡಿ ಏನಂದ, ಎಂಥಾ ಹುರುಪು ನೋಡಯ್ಯ, ಒಂದೊಂದನ್ನೂ ಎರಡೆರಡು ಸಲ! ಇವನು ಹೂಂ ಮಾವ ಅಂದ. ಹೂಂ ಮಾವ, ಹೂಂ ಮಾವ, ಬೆಳಿಗ್ಗೆ ಎದ್ದರೆ ಹೂಂ, ಮಲಗಿದರೆ ಹೂಂ, ತಲೆಯಾಡಿಸಿ ಆಡಿಸಿ ಕತ್ತಿನ ನರವೇ ಸಡಿಲಾಗಿದೆ. ಬರುವ ವರ್ಷ ಮೇಲಿನ ಹೊಲದಲ್ಲಿ ಮರಿ ಹುಟ್ಟದಿದ್ದರೆ ಆಗ ಯಾರ ತಲೆಗೆ ಕಟ್ಟುತ್ತಾನೆ, ಹೆಡ್‌ಮಾಸ್ತರನ ತಲೆಗಾ? ಅಳಿಯಂದ್ರು ಸರಿಯಾಗಿ ನೋಡ್ಕೊಳ್ಳಲಿಲ್ಲ, ಅವರ ಕೈಗುಣ. ಬಂದವರ ಮುಂದೆಲ್ಲ ಅಳಿಯಂದ್ರು, ಬೆನ್ನ ಹಿಂದೆ ಆ ಕತ್ರಿಯವನು. ಹೌದು, ಕತ್ರಿಯವನೇ, ಊರೂರು ತಿರುಗಿ ಉಣ್ಣೆ ಕತ್ತರಿಸುತ್ತಿದ್ದವನು, ಇಲ್ಲಿಗೂ ಕತ್ತರಿಸಲೆಂದೇ ಬಂದವನು, ಈ ಮುದುಕ ಇದೇ ಬಕೆಟ್ಟಿನ ಮೇಲೆ ಕೂತು ಇಡೀ ದಿನ ಇವನು ಕುರಿ ಮಗುಚುವುದನ್ನು ನೋಡಿ ಸಂಜೆ ಎದ್ದು ಬಂದು ಇವನ ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಿದ, ಗಟ್ಟಿ ಇದೆ, ನಮ್ಮಲ್ಲೇ ಇದ್ದುಬಿಡ್ತೀಯೇನಪ್ಪ? ಆಗ ಅದು ಪ್ರೀತಿ ಅನ್ನಿಸಿತ್ತು. ಬಾಯಿ ತೆರೆಸಿ ಹಲ್ಲು ನೋಡಿರಲಿಲ್ಲವಲ್ಲ, ಅಷ್ಟು ಮರ್ಯಾದೆ.

ಸರಿ ನಡಿ ಆಚೆ, ನೀನು ಬಾ ಒಂಟಿಕೊಂಬ. ಬರುವುದೆಲ್ಲಿಗೆ, ಅರ್ಧ ಗೇಣು ಜಾಗವಿಲ್ಲ, ನಾಲ್ಕು ತಡಿಕೆ ನಿಲ್ಲಿಸಿ ಹಗ್ಗ ಬಿಗಿದ ದೊಡ್ಡಿ, ಎರಡು ಟಗರು ಮೈಗೆ ಮೈ ಒತ್ತಿಕೊಂಡು ನಿಲ್ಲುವಷ್ಟೇ, ನಡುವೆ ಇವನ ಕಾಲು ಸಿಕ್ಕಿ ತೊಡೆ ಉರಿಯುತ್ತಿದೆ. ಬೇರೆ ಬೇರೆ ಹೊಲದಲ್ಲಿದ್ದು ಬಂದ ಟಗರುಗಳಿಗೆ ಪರಸ್ಪರ ಗುರುತೇ ಸಿಗುವುದಿಲ್ಲ, ಒಂದೇ ತೊಟ್ಟಿಯಲ್ಲಿ ನೀರು ಕುಡಿದವೇ ಆದರೂ ಹಗೆಗಳ ಹಾಗೆ ಬಿದ್ದು ಸಾಯುತ್ತವೆ, ಅದಕ್ಕೇ ಮೂತಿಗೆ ಸೀಮೆಎಣ್ಣೆ, ಎರಡೂ ಒಂದೇ ವಾಸನೆ ಬರಲಿ ಎಂದು, ಅದಕ್ಕೇ ಈ ಇಕ್ಕಟ್ಟು, ಕೆಲವು ದಿನ ಹೀಗೇ ಒತ್ತಿಕೊಂಡಿದ್ದರೆ ಮರೆಯುತ್ತವೆ. ಹೊಡೆಯುವ ಟಗರಿಗೆ ಮುಂದಿನ ಜಾಗ ಬೇಡ, ಹಿಂದಿನ ಜಾಗ ಬೇಕು. ಮೊದಲ ವರ್ಷ ಪಕ್ಕದ ಹೊಲದವರ ಅಂಗಳದಲ್ಲಿ ನೋಡಿದ್ದ, ಅವರ ಕರಿ ಟಗರು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು, ತಲೆ ತಗ್ಗಿಸಿ, ನಾಚಿಕೊಂಡ ಹಾಗೆ, ಹೆದರಿತು ಪಾಪ ಅಂದುಕೊಂಡಿದ್ದ, ಹಿಂದಕ್ಕೆ, ಇನ್ನೂ ಹಿಂದಕ್ಕೆ, ಆಮೇಲೆ ಕಣ್ಣಿಗೆ ಏನೂ ಕಾಣಲಿಲ್ಲ, ಒಣ ಹಲಗೆ ಸೀಳಿದ ಸದ್ದು ಮಾತ್ರ, ಇನ್ನೊಂದು ಟಗರು ನಿಂತಲ್ಲೇ ಮಡಚಿ ಬಿತ್ತು, ಕತ್ತು ಮುರಿದು. ಟಗರು ಹಿಂದೆ ಹೋಗೋದು ಹೆದರಿ ಅಲ್ಲ ಕಣೋ ಕತ್ರಿ, ಅಂತ ನಕ್ಕವನು ಮಾವ. ಅವನಿಗೆ ಗೊತ್ತಿಲ್ಲದೆ ಇರುತ್ತದಾ, ಅವನೂ ಹಾಗೆಯೇ ಅಲ್ಲವಾ, ಗುದ್ದುವ ಮುಂಚೆ ದನಿ ತಗ್ಗುತ್ತದೆ, ನೀನೇ ಹೇಳಪ್ಪ ಅನ್ನುತ್ತಾನೆ, ನಂದೇನು ಇನ್ನು ಅನ್ನುತ್ತಾನೆ, ಹಿಂದಕ್ಕೆ ಹಿಂದಕ್ಕೆ — ಮೇಲಿನ ಕೋಣೆ ನಿಮಗೇ ಅಂದಿದ್ದ, ಅದರಲ್ಲೀಗ ಉಣ್ಣೆಯ ಮೂಟೆಗಳಿವೆ, ಗಂಡ ಹೆಂಡತಿ ಮಲಗುವುದು ಅಡುಗೆಮನೆಯ ಹಿಂದೆ, ಮಾವ ಕೆಮ್ಮಿದರೆ ಇವರ ಮಂಚ ಅಲುಗುತ್ತದೆ. ನಿನ್ನೆಯದೂ ಅದೇ ಇರಬಹುದಾ? ಅಲ್ಲ. ನಿನ್ನೆ ಮುಖ ಬೇರೆ ಇತ್ತು, ದಣಿದ ಮುಖ. ಬೀಜ ಗಟ್ಟಿ. ಒಂಟಿಕೊಂಬನದು ಗಟ್ಟಿಯಿದೆ, ಎರಡೂ, ಹಲ್ಲು ಸವೆದಿವೆ ಆದರೆ ಸಾಲಾಗಿವೆ, ಎಡಗಣ್ಣಿಗೆ ಪೊರೆ, ಕೊಂಬು ಮುರಿದು ಮುರಿದ ಕಡೆ ಹುಣ್ಣಿನ ಗುರುತು, ನೋಡಲು ಅಸಹ್ಯ, ಮೂರು ಸಲ ಇವನನ್ನೇ ಕೆಡವಿದೆ, ಪ್ರೀತಿ ಗೀತಿ ಏನೂ ಇಲ್ಲ, ಇವತ್ತಲ್ಲದಿದ್ದರೆ ಮುಂದಿನ ವರ್ಷ ಇದಕ್ಕೂ ವ್ಯಾನೇ. ಆದರೆ ಇವತ್ತು ಹೋಗಬೇಕಾದದ್ದು ಇದಲ್ಲ.

ಹೆಂಡತಿ ನೀರಿನ ಬಕೆಟ್ ತಂದು ತಡಿಕೆಯಾಚೆ ಕುಕ್ಕಿದಳು, ಆಯ್ತಾ ನಿನ್ನ ಪರೀಕ್ಷೆ? ಹೆಡ್‌ಮಾಸ್ತರ ಹೋಗ್ಲಿ ಅಂದ ಇವನು, ಮೆಲ್ಲಗೆ, ಆದರೂ ಅಂದ. ಅವಳು ಅಪ್ಪನ ಕಡೆ ಒಮ್ಮೆ ನೋಡಿ, ಬೇರೆ ಕೆಲಸ ಇಲ್ವಾ ನಿಂಗೆ, ಅಪ್ಪನ ಮನಸ್ಸಲ್ಲಿ ಏನಿದೆ ಅಂತ ಗೊತ್ತಿಲ್ವಾ, ಅದನ್ನೇ ಹೇಳು, ಮುಗೀತಲ್ಲ. ನನ್ನನ್ನಲ್ವಾ ಕೇಳಿದ್ದು, ಅಂದ ಇವನು. ಕೇಳಿದ್ರು, ಕೇಳಿದ್ದಕ್ಕೆಲ್ಲ ಉತ್ತರ ಕೊಡೋಕೆ ನಿಂಗೇನು ಎರಡು ಕೊಂಬು ಬಂದಿದ್ಯಾ? ಒಂದಾದ್ರೂ ಬರ್ಲಿ ಬಿಡು ಅಂದ, ಅವಳಿಗೆ ನಗು ಬಂತು, ಬಂದದ್ದನ್ನು ಅಪ್ಪನಿಗೆ ಕಾಣದ ಹಾಗೆ ತೋಳಿಗೆ ಒರೆಸಿಕೊಂಡಳು, ಆಮೇಲೆ ನಗುವೆಲ್ಲ ಇಂಗಿಹೋಗಿ, ಇವತ್ತೊಂದು ದಿನ ಸುಮ್ನಿರು, ನನ್ನ ತಲೆ ತಿನ್ನೋರು ಒಬ್ಬರೇ ಸಾಕು, ಅಂದು ಹೊರಟಳು. ಅವಳೂ ಹಿಂದೆ ಸರಿದಳು, ಆದರೆ ಅವಳದು ಬರೀ ಸರಿಯುವುದು, ಗುದ್ದು ಇಲ್ಲ, ಯಾವತ್ತೂ ಇಲ್ಲ, ಅವಳ ಮೇಲೆ ಸಿಟ್ಟು ಮಾಡಿಕೊಂಡರೆ ಗೋಡೆಯ ಮೇಲೆ ಮಾಡಿಕೊಂಡ ಹಾಗೆ. ಅಳಿಯಂದ್ರೇ, ಬಕೆಟ್ಟಿನಿಂದ ದನಿ, ಏನು, ತಪಾಸಣೆ ಮುಗೀತಾ, ಡಾಕ್ಟರ್ ರಿಪೋರ್ಟ್ ಏನ್ ಬಂತು? ಇವನು ತಡಿಕೆ ದಾಟಿ ಬಂದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎದುರಿಗೇ ನಿಂತು ಹೇಳಿದ, ಹೆಡ್‌ಮಾಸ್ತರ ಹೋಗ್ಬೇಕು ಮಾವ, ಬೀಜ ಸತ್ತಿದೆ, ಕುರಿ ಒಂದೂ ನಿಂತಿಲ್ಲ, ಒಂಟಿಕೊಂಬ ಇನ್ನೊಂದು ವರ್ಷ ನಡೀತಾನೆ. ಹೇಳಿಬಿಟ್ಟ. ಕೊನೆಗೂ ಹೇಳಿಬಿಟ್ಟ. ಮಾವ ಗದ್ದವನ್ನು ಕೋಲಿನಿಂದ ಎತ್ತಿ, ಓಹೋ, ಅಂದ. ಹಾಗಂತೀಯಾ. ಸರಿ ಮತ್ತೆ, ನೀನು ನೋಡಿದ್ದೀಯ ಅಂದ್ಮೇಲೆ ಸರೀನೇ. ಎಷ್ಟು ಮೆತ್ತಗಿನ ದನಿ. ಆ ದನಿಗೆ ಇವನ ಬೆನ್ನು ನೆಟ್ಟಗಾಯಿತು, ನಿಜವಾಗಿಯೂ ನೆಟ್ಟಗಾಯಿತು, ಬರುವ ವರ್ಷ ಎಳೆ ಟಗರನ್ನು ತಾನೇ ಆರಿಸಿ ತರುವುದು, ಮೂಟೆಗಳನ್ನು ಶೆಡ್ಡಿಗೆ ಹಾಕಿ ಮೇಲಿನ ಕೋಣೆಗೆ ಸುಣ್ಣ ಹೊಡೆಸುವುದು, ವ್ಯಾನಿನ ಸದ್ದು ತಿರುವಿನಲ್ಲಿ ಕೇಳುವವರೆಗೂ ಇವನು ಮನಸ್ಸಿನಲ್ಲಿ ಆ ಕೋಣೆಯಲ್ಲೇ ಇದ್ದ, ಕಿಟಕಿ ತೆರೆದುಕೊಂಡು.

ವ್ಯಾನು ರಿವರ್ಸ್‌ನಲ್ಲಿ ಅಂಗಳಕ್ಕೆ ಬಂತು, ವ್ಯಾನಿನವನು ಇಳಿದು ಹಲಗೆ ಇಳಿಸುತ್ತ, ಎಲ್ಲಿ ಯಜಮಾನ್ರೇ ಆ ಒಂಟಿಕೊಂಬು, ಅಂದ. ಒಂಟಿಕೊಂಬಲ್ಲ, ಇನ್ನೊಂದು, ಅಂದ ಇವನು. ವ್ಯಾನಿನವನು ಹಲಗೆಯನ್ನು ನೋಡಿದಷ್ಟೂ ಇವನನ್ನು ನೋಡಲಿಲ್ಲ, ಹೋದ ವಾರಾನೇ ಫೋನ್ ಮಾಡಿ ಹೇಳಿದ್ರಲ್ಲ, ಒಂಟಿಕೊಂಬಿಂದು, ಒಂದು ಕಣ್ಣು ಪೊರೆ, ಅದೇ ಲೆಕ್ಕದಲ್ಲಿ ಜಾಗ ಬಿಟ್ಟು ಬಂದಿದ್ದೀನಿ. ಹೋದ ವಾರ. ಊಟದ ಮಾತು ನಿನ್ನೆಯದು. ಹೋದ ವಾರ ಅಂದರೆ ಇವನು ಟಗರುಗಳನ್ನು ಹೊಲದಿಂದ ಹೊಡೆದು ತರುವ ಮೊದಲೇ, ಸೀಮೆಎಣ್ಣೆ ಬಳಿಯುವ ಮೊದಲೇ, ನೀನೇ ಹೇಳಪ್ಪ ಅನ್ನುವ ಮೊದಲೇ. ಮಾವ ನಗುತ್ತಿದ್ದಾನೆ, ಭುಜ ಕುಣಿಸಿಕೊಂಡು, ನೋಡಪ್ಪ ಇವನೇ, ನಮ್ಮ ಅಳಿಯಂದ್ರು ಬೆಳಗಿಂದ ಬೀಜ ಹಿಡ್ಕೊಂಡು ಕೂತಿದ್ರು, ಹೆಡ್‌ಮಾಸ್ತರಂದು ಸತ್ತಿದೆಯಂತೆ, ಯಾರಿಗೆ ಯಾರು ಸರ್ಟಿಫಿಕೇಟ್ ಕೊಡೋದು ಅಂತ ಬೇಡ್ವಾ? ವ್ಯಾನಿನವನೂ ನಕ್ಕ, ಗಿರಾಕಿ ನಕ್ಕರೆ ನಗಬೇಕಲ್ಲ, ಹಾಗೆ. ಕಿವಿ ಬಿಸಿಯಾಗಿದೆ, ಕಿವಿಯಿಂದ ಕತ್ತಿಗೆ, ಕತ್ತಿನಿಂದ ಕೈಗೆ ಆ ಬಿಸಿ ಇಳಿಯುತ್ತಿದೆ, ಕೈಯಲ್ಲಿ ಸೀಮೆಎಣ್ಣೆ ವಾಸನೆ. ನನ್ನ ಟಗರಿನ ನಡಿಗೆ ನೋಡು ನೀನು, ನೋಡಿ ಹೇಳು ಸತ್ತಿದೆಯಾ ಅಂತ, ಅನ್ನುತ್ತ ಮಾವ ಎದ್ದ, ದೊಡ್ಡಿಯ ಹತ್ತಿರ ಹೋದ, ಹಗ್ಗ ಬಿಚ್ಚುತ್ತಿದ್ದಾನೆ. ಬಿಚ್ಚಬೇಡಿ ಮಾವ, ಇನ್ನೂ ಹೊಂದಿಲ್ಲ, ನಿನ್ನೆ ತಾನೇ ಕೂಡಿದ್ದು, ಅಂದ ಇವನು, ನಿಜಕ್ಕೂ ಅಂದ, ಇವನ ಬಾಯಿಯೇ ಅಂದದ್ದು. ನನಗೆ ಹೇಳಿಕೊಡ್ತೀಯೇನೋ ಕತ್ರಿ, ಅಂದ ಮಾವ, ತಿರುಗಿಯೂ ನೋಡದೆ, ನನ್ನ ಟಗರು ಅದು, ನನ್ನ ಕಣ್ಸನ್ನೆ ಗೊತ್ತದಕ್ಕೆ, ನೀನು ಆ ತಡಿಕೆ ಹಿಡ್ಕೊ, ಅಷ್ಟು ಮಾಡು.

ತಡಿಕೆ ಹಿಡಿದುಕೊಂಡಿದ್ದಾನೆ. ಅಷ್ಟು ಮಾಡುತ್ತಿದ್ದಾನೆ. ಒಂಟಿಕೊಂಬ ಮೊದಲು ಹೊರಗೆ ಬಂದು ವ್ಯಾನಿನ ಹಲಗೆಯ ಬಳಿ ನಿಂತಿತು, ಕಾಣದ ಕಣ್ಣು ಅಂಗಳದ ಕಡೆ. ಹೆಡ್‌ಮಾಸ್ತರ ಅಂಗಳದ ನಡುವಿನವರೆಗೆ ನಡೆದು ಹೋಯಿತು, ಚೆನ್ನಾಗಿಯೇ ನಡೆಯಿತು, ಅದಕ್ಕೇನು, ನಡಿಗೆಗೆ ಬೀಜ ಬೇಕಾ. ನೋಡಿದ್ಯಾ, ರಾಜ, ರಾಜ ಅಂದರೆ ರಾಜ, ಅಂದ ಮಾವ. ವ್ಯಾನಿನವನು ನೋಡಲಿಲ್ಲ, ವ್ಯಾನಿನೊಳಗೆ ಹತ್ತಿ ಅಡ್ಡಗೋಲು ಎಳೆಯುತ್ತಿದ್ದಾನೆ, ಬೆನ್ನಷ್ಟೇ ಕಾಣುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಕೈ ಪಾತ್ರೆ ಒರೆಸುತ್ತಿದೆ, ಮುಖ ಒಳಗೆ. ಈಗ ಇದನ್ನ ಹತ್ತಿಸೋಣ ಬಾ, ಅಂದು ಮಾವ ಒಂಟಿಕೊಂಬನ ಹತ್ತಿರ ಬಂದ, ಕೋಲನ್ನು ಕಂಕುಳಲ್ಲಿಟ್ಟು ಬಾಗಿ ಮುರಿಯದ ಕೊಂಬನ್ನು ಎರಡು ಕೈಯಲ್ಲಿ ಹಿಡಿದ, ಬೆನ್ನು ಅಂಗಳಕ್ಕೆ, ಆ ದೊಡ್ಡ ಕೋಟಿನ ಬೆನ್ನು, ಕೆಳಗೆ ತೆಳ್ಳಗಿನ ಎರಡು ಕಾಲು, ಒಂದು ಮುದಿ ಟಗರನ್ನು ಒಂದು ಮುದಿ ಟಗರು ಹಿಡಿದುಕೊಂಡಿದೆ, ಒಂದರ ಸಾಲಿನಲ್ಲಿ ಒಂದು. ಅಂಗಳದ ನಡುವೆ ಹೆಡ್‌ಮಾಸ್ತರ ಮೂಗೆತ್ತಿ ಗಾಳಿ ಮೂಸಿತು. ತಲೆ ತಗ್ಗಿಸಿತು. ಇವನಿಗೆ ಗೊತ್ತು, ಇಡೀ ಅಂಗಳದಲ್ಲಿ ಇವನೊಬ್ಬನಿಗೆ ಕಾಣುತ್ತಿದೆ, ಕೂಗಿದರೆ ಸಾಕು, ಮಾವಾ ಅಂತ, ದಿನವೆಲ್ಲ ತಾನಾಗಿಯೇ ಬಾಯಿಂದ ಉದುರುವ ಶಬ್ದ, ಒಂದು ಪಕ್ಕಕ್ಕೆ ಹಾರಿದರೆ ಮುದುಕ ಉಳಿಯುತ್ತಾನೆ, ಬೀಳಲಿ, ಮೊಣಕೈ ತರಚಲಿ, ಎದ್ದು ಬೈಯಲಿ, ಮತ್ತೆ ಬಕೆಟ್ಟಿನ ಮೇಲೆ ಕೂರಲಿ, ಇನ್ನೂ ಎಷ್ಟು ವರ್ಷ — ಕೂಗು, ಕೂಗು ಅನ್ನುತ್ತಿದೆ ಒಳಗೆ ಯಾವುದೋ, ತುಟಿ ಬಿಚ್ಚಿವೆ, ತುಟಿ ಬಿಚ್ಚಿರುವುದು ಇವನಿಗೆ ತಿಳಿಯುತ್ತದೆ, ಗಾಳಿ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ, ಬೆರಳುಗಳು ತಡಿಕೆಯ ಮೇಲೆ ಬಿಗಿದಿವೆ, ತಡಿಕೆ ಹಿಡ್ಕೊ, ಅಷ್ಟು ಮಾಡು, ಮತ್ತೆ ಹೆಡ್‌ಮಾಸ್ತರ ಒಂದು ಹೆಜ್ಜೆ ಹಿಂದಕ್ಕೆ ಇಡುತ್ತದೆ, ಮೆಲ್ಲಗೆ, ಮರ್ಯಾದೆಯಿಂದ, ಇನ್ನೊಂದು, ಗೊರಸಿನ ಕೆಳಗೆ ಕಲ್ಲು ಕಿರುಗುಟ್ಟುತ್ತದೆ, ಹಿಂದಕ್ಕೆ, ಇನ್ನೂ ಹಿಂದಕ್ಕೆ, ಹಿಂದಕ್ಕೆ