ಸರಸಂಬಾದ ಮಾಳಿಗೆಯ ಭಾರ

ಇದನ್ನು ಹೇಳುವಷ್ಟು ದೊಡ್ಡವನು ನಾನಲ್ಲ. ಸಂಜೆ ತರಗತಿಯಲ್ಲಿ ಡಿಪ್ಲೊಮಾ ಮುಗಿಸಿದವನು. ಲೆಕ್ಕದಲ್ಲಿ ಇಂದಿಗೂ ಧೈರ್ಯ ಸಾಲದು. ಓದುವವರು ಕ್ಷಮಿಸಬೇಕು.

೧೯೯೬ರ ಬೇಸಿಗೆಯಲ್ಲಿ ಆಳಂದದ ಎಂಜಿನಿಯರೊಬ್ಬರ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ತೊಲೆಯ ಅಳತೆ, ಮೇಲಿನ ಭಾರ, ತುದಿಗಳು ಹೇಗೆ ಕೂತಿವೆ ಎಂಬುದನ್ನು ಕೊಟ್ಟರೆ ತೊಲೆ ತಾಳುತ್ತದೋ ಇಲ್ಲವೋ ಅದು ಹೇಳುತ್ತಿತ್ತು. ಸರಸಂಬಾದಿಂದ ಹಣಮಂತರಾಯರು, ಅವರ ಹೆಂಡತಿ ಗುರುಶಾಂತಮ್ಮನವರು ಬಂದರು. ಮಾಳಿಗೆಯ, ಅಂದರೆ ಮಣ್ಣಿನ ಚಾವಣಿಯ, ತೊಲೆ ಕಿರುಗುಟ್ಟುತ್ತದೆಂದು ಆಕೆ ಎರಡು ತಿಂಗಳಿಂದ ಅಂಗಳದಲ್ಲೇ ಅಡುಗೆ ಮಾಡುತ್ತಿದ್ದರು.

“ಧೂಳ ಕೂಡಿಸೇ ರೊಟ್ಟಿ ತಿನ್ನಾಕತ್ತೇನ್ರಿ,” ಎಂದರು ಹಣಮಂತರಾಯರು. “ನನ್ನ ಮಾತು ಕೇಳಂಗಿಲ್ಲ. ನಿಮ್ಮ ಪೆಟಗಿ ಮಾತರೆ ಕೇಳ್ತಾಳೇನ ನೋಡೂನು.”

“ತೊಲಿ ಕೂಗೂದು ನಿಮಗೆಲ್ಲಿ ಕೇಳತದ? ಮನ್ಯಾಗ ಇದ್ದರಲ್ಲ,” ಎಂದರು ಗುರುಶಾಂತಮ್ಮ.

“ಮ್ಯಾಲ ಮಣ್ಣು ಎಷ್ಟದ ರೀ ಅಕ್ಕಾರ?” ಎಂದು ಕೇಳಿದೆ.

“ನಮ್ಮ ಮಾವ ಕಟ್ಟಿಸಿದಾಗ ಒಂದು ಗೇಣು ಹಾಕಿದ್ರಂತ.”

ಒಂದು ಗೇಣು ಎಂದು ಕೊಟ್ಟೆ. ತೊಲೆಯ ಅಳತೆಯನ್ನು ಹಣಮಂತರಾಯರು ಹೇಳಿದರು, ತುದಿಗಳು ಗೋಡೆಯೊಳಗಿವೆ ಎಂದರು. ಅಲುಗದಂತೆ ಬಿಗಿದಿವೆ ಎಂದು ಕೊಟ್ಟೆ.

“ತಾಳತದರಿ. ಒಳಗ ಅಡಗಿ ಮಾಡ್ರಿ,” ಎಂದೆ.

“ಖರೇನಾ ತಮ್ಮಾ?”

“ಖರೇರಿ.”

ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಎರಡನೆಯ ಮಳೆಯ ದಿನ ಮಧ್ಯಾಹ್ನ, ಒಳಗೆ ರೊಟ್ಟಿ ಬಡಿಯುತ್ತಿದ್ದ ಗುರುಶಾಂತಮ್ಮನವರ ಮೇಲೆ ಮಾಳಿಗೆ ಬಿತ್ತು. ಮಣ್ಣು ತೆಗೆಯುವಷ್ಟರಲ್ಲಿ ಉಸಿರಿರಲಿಲ್ಲ.

ಮರುದಿನ ಹೋದೆ. ಮಾಳಿಗೆಯ ಬೀಳದೆ ಉಳಿದ ಭಾಗದಲ್ಲಿ ಮಣ್ಣು ಎರಡು ಗೇಣು ದಾಟಿತ್ತು. ಸೋರದಿರಲೆಂದು ನಮ್ಮ ಕಡೆ ಪ್ರತಿ ವರ್ಷ ಮಿರಗಕ್ಕೆ ಮೊದಲು ಮಾಳಿಗೆಗೆ ಹಾಳೂರಿನ ದಿಬ್ಬದಿಂದ ತಂದ ಹೊಸ ಹಾಳುಮಣ್ಣು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ನಿಂಬರ್ಗಾದ ನಮ್ಮ ಮನೆಗೆ ನಾನೇ ಬುಟ್ಟಿ ಹೊತ್ತಿದ್ದೇನೆ. ಆದರೂ ಆ ದಿನ, ಆಮೇಲೆ ಎಷ್ಟು ಮಣ್ಣು ಹಾಕಿದಿರಿ ಎಂದು ಕೇಳಲಿಲ್ಲ. ತೊಲೆ ಮುರಿದಿರಲಿಲ್ಲ. ಗೋಡೆಯೊಳಗೆ ಅದರ ತುದಿ ನಾಲ್ಕೇ ಬೆರಳು ಇತ್ತು. ಗೋಡೆ ನೆನೆದಾಗ ಜಾರಿ ಬಂದಿತ್ತು.

“ನೀವರೆ ಏನ್ ಮಾಡ್ತೀರಿ. ನಾನೇ ಒಳಗ ನಡಿ ಅಂದೆ,” ಎಂದರು ಹಣಮಂತರಾಯರು. ನಾನು ಬಸ್ಸು ಹಿಡಿದು ಆಳಂದಕ್ಕೆ ಬಂದೆ.

ಆಮೇಲೆ ಕಂಪ್ಯೂಟರಿಗೆ ಎರಡು ಗೇಣು ಹಸಿ ಮಣ್ಣಿನ ಭಾರ ಕೊಟ್ಟು ನೋಡಿದೆ. ತುದಿಗಳನ್ನು ಬಿಗಿಯದೆ ಸುಮ್ಮನೆ ಗೋಡೆಯ ಮೇಲೆ ಕೂರಿಸಿಯೂ ನೋಡಿದೆ. ತೊಲೆ ತಾಳುತ್ತದೆಂದೇ ಬಂತು. ನೆನೆದ ಗೋಡೆಯ ವಿಷಯ ಹೇಳಲು ಅದರಲ್ಲಿ ಜಾಗವಿರಲಿಲ್ಲ. ಮಣ್ಣಿನ ವಿಷಯ ಸರಿಯಾಗಿ ಕೇಳಿದ್ದರೂ ನಾನು ಅದೇ ಮಾತು ಹೇಳುತ್ತಿದ್ದೆನೋ, ಇಲ್ಲ ಅನುಮಾನ ಬಂದು ಸರಸಂಬಾಕ್ಕೆ ಹೋಗಿ ಗೋಡೆ ಮುಟ್ಟಿ ನೋಡುತ್ತಿದ್ದೆನೋ, ನನಗೆ ಗೊತ್ತಿಲ್ಲ. ತಪ್ಪು ತಮ್ಮದೆಂದುಕೊಂಡಿರುವ ಹಣಮಂತರಾಯರಿಗೆ ಏನೆಂದು ಹೇಳಬೇಕು ಎಂಬುದೂ ಗೊತ್ತಿಲ್ಲ.