ಐಡೆಲ್ಲ ಟ್ಯಾಕೆಟ್‌ಳ ದನಿ

"ನಿಮ್ಮಮ್ಮನ್ನ ಒಂದ್ಸಲ ನೋಡ್ಬೇಕಿತ್ತು ಮಗಳೇ. ಬೆಳಿಗ್ಗೆ ರೇಡಿಯೊದಲ್ಲಿ ಹಾಡಿದ್ರಲ್ಲ, ಕೇಳ್ಕೊಂಡೇ ಸ್ಯಾನ್ ಏಂಜಲೊ ಬಿಟ್ವಿ," ಎಂದಳು ಹೊಸಿಲಾಚೆ ನಿಂತಿದ್ದ ಹೆಂಗಸು. ಅವಳ ಟೋಪಿಯ ತುಂಬ ದಾರಿಯ ಧೂಳು.

ವರ್ಲೀನ್ ಬಾಗಿಲು ಹಿಡಿದು ನಿಂತಳು. ಅಮ್ಮ ಐಡೆಲ್ಲ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಆದರೆ ಟ್ಯಾಕೆಟ್ ಕುಟುಂಬದ ಕೌಬಾಯ್ ಹಾಡುಗಳನ್ನು ವರ್ಷಕ್ಕಾಗುವಷ್ಟು ಗ್ರಾಮಫೋನ್ ಪ್ಲೇಟುಗಳಲ್ಲಿ ತುಂಬಿ ನದಿಯಾಚೆಯ ಮೆಕ್ಸಿಕೊ ರೇಡಿಯೊ ಸ್ಟೇಷನ್ನಿಗೆ ಮೊದಲೇ ಕಳಿಸಿಯಾಗಿತ್ತು. ಅಲ್ಲಿನ ಪುಣ್ಯಾತ್ಮರು ಅವನ್ನು ದಿನಾ ಹಾಕುತ್ತಲೇ ಇದ್ದರು. ಆ ಸ್ಟೇಷನ್ನಿನ ಜೋರು ಎಷ್ಟಿತ್ತೆಂದರೆ, ಹಿತ್ತಲ ಮುಳ್ಳುತಂತಿಗೆ ಕಿವಿಯಿಟ್ಟರೂ ಸತ್ತವಳ ಹಾಡು ಸಣ್ಣಗೆ ಕೇಳುತ್ತಿತ್ತು.

ಅಪ್ಪ ಆರ್ವಿಲ್ ರೇಡಿಯೊ ಮುಂದೆ ಕೂತು ಗಿಟಾರಿನಲ್ಲಿ ಅವಳಿಗೆ ಸಾಥ್ ಕೊಡುತ್ತಿದ್ದ. ಹೆಂಡತಿ ಸತ್ತಳೆಂಬ ಮಾತು ಅವನ ಬಾಯಿಂದ ಬಂದೇ ಇರಲಿಲ್ಲ. ಬಂದರೆ ಅಪ್ಪ ಉಳಿದಂತೆ ಎಂದು ವರ್ಲೀನ್ ಕಾಯುತ್ತಿದ್ದಳು. ಇವತ್ತು ಬೆಳಿಗ್ಗೆ ಅಪ್ಪ ಹಾಡಿನ ನಡುವೆಯೇ ರೇಡಿಯೊ ಆರಿಸಿ, "ಅವಳ ಗೋರಿಗೊಂದು ಕಲ್ಲು ಹಾಕಿಸ್ಬೇಕಲ್ವಾ," ಎಂದು ಅತ್ತು, ಟೋಪಿ ಹಾಕಿಕೊಂಡು ಊರಿಗೆ ಹೋಗಿದ್ದ. ವರ್ಲೀನ್‌ಗೆ ಎದೆ ಹಗುರಾಗಿತ್ತು.

"ನನ್ನ ಮಗಳು ಕಾರಲ್ಲಿದಾಳೆ. ಜಾಸ್ತಿ ದಿನ ಇಲ್ಲ ಅಂದಿದಾರೆ ಡಾಕ್ಟ್ರು," ಎಂದಳು ಹೆಂಗಸು. "ನಿಮ್ಮಮ್ಮನ ಒಂದು ಮಾತು ಕೇಳಿದ್ರೆ ಸಾಕಂತೆ."

ಕಾರಿನ ಗಾಜಿನ ಹಿಂದೆ ಹತ್ತು ವರ್ಷದ ಬಿಳಿಚಿದ ಮುಖವಿತ್ತು. ವರ್ಲೀನ್ ಮನೆಯ ಪಕ್ಕದ ಕಿಟಕಿಯತ್ತ ಕೈ ತೋರಿಸಿದಳು.

"ಅಮ್ಮ ಮಲಗಿದಾಳೆ, ಜ್ವರ. ಆ ಕಿಟಕಿ ಹತ್ರ ಕರ್ಕೊಂಡ್ಬನ್ನಿ. ಅಲ್ಲಿಂದ್ಲೇ ಮಾತಾಡ್ತಾಳೆ."

ಅಮ್ಮನ ಕೋಣೆಗೆ ಹೋಗಿ ಚಿಲಕ ಹಾಕಿ ಪರದೆ ಎಳೆದಳು. ಅಮ್ಮನ ದನಿಯನ್ನು ಎಂದೂ ಅನುಕರಿಸಿದವಳಲ್ಲ. ಬಾಯಿ ತೆರೆದದ್ದಷ್ಟೇ, ಒಳಗೆ ಕಾದು ಕೂತಿದ್ದಂತೆ ಬಂತು ಆ ದನಿ, ಆ ಒಡಕು ನಗು. "ಬಂದ್ಯಾ ನನ್ನ ಚಿನ್ನ?" ಆಚೆ ಹುಡುಗಿ ನಕ್ಕದ್ದು ಕೇಳಿಸಿತು. ವರ್ಲೀನ್ ಎರಡು ಸಾಲು ಹಾಡಿಯೂ ಬಿಟ್ಟಳು. ಕಾರು ಹೊರಟುಹೋಯಿತು.

ಆಗ ಕೋಣೆಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

"ಐಡೆಲ್ಲ." ಊರಿಂದ ಮರಳಿದ್ದ ಅಪ್ಪ ಬಾಗಿಲಾಚೆ ನಿಂತಿದ್ದ. "ಕಲ್ಲಿಗೆ ಹೇಳಿ ಬಂದ್ಬಿಟ್ನಲ್ಲೇ. ನೀನಿಲ್ಲ ಅಂದ ಜನರ ಮಾತು ನಂಬ್ಬಿಟ್ಟೆ. ತಪ್ಪಾಯ್ತು."

ವರ್ಲೀನ್ ಬಾಗಿಲ ಹತ್ತಿರ ಬಂದಳು. "ಅಪ್ಪ, ನಾನು. ವರ್ಲೀನ್," ಎಂದಳು. ಬಂದದ್ದು ಅಮ್ಮನ ದನಿಯೇ. ಕೆಮ್ಮಿ, ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದಳು. ಮತ್ತೂ ಅದೇ.

ಆಚೆ ಅಪ್ಪ ನಕ್ಕ. ನಾಲ್ಕು ತಿಂಗಳಲ್ಲಿ ಇದೇ ಮೊದಲು. "ಮಗಳನ್ನ ಅಣಕಿಸ್ಬೇಡ ಕಣೇ. ಕೇಳಿಸ್ಕೊಂಡ್ರೆ ಬೇಜಾರು ಮಾಡ್ಕೋತಾಳೆ."

ವರ್ಲೀನ್‌ಳ ಕೈ ಚಿಲಕದ ಮೇಲಿತ್ತು. ಅದನ್ನು ತೆಗೆಯಲು ಅವಳಿಗೆ ಧೈರ್ಯ ಬರಲಿಲ್ಲ.