ಡಿ ಡ್ರೈವ್‌ನಲ್ಲಿದ್ದ ಕಂಪೈಲರ್

ರಾಮಾಂಜಿನಪ್ಪನವರ ಪಾಲಿಹೌಸಿನಲ್ಲಿ ಪರದೆ ಎತ್ತುವ ಮೋಟಾರು ಎರಡನೇ ಸಲ ಸುಟ್ಟುಹೋಯಿತು ಎಂದು ಫೋನು ಬಂದಾಗ ಮಾಲಾ ಕೆಲಸಕ್ಕೆ ಸೇರಿ ಇನ್ನೂ ಮೂರೇ ವಾರವಾಗಿತ್ತು.

ಹೊಸೂರಿನ ಆಲಸನತ್ತಂನಲ್ಲಿ ಒಂದು ಮನೆಯ ಮಹಡಿಯ ಮೇಲಿದ್ದ ಆ ಪುಟ್ಟ ಕಂಪನಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುವವರಿಗೆ ಕಂಟ್ರೋಲರ್ ಪೆಟ್ಟಿಗೆ ಮಾಡಿಕೊಡುತ್ತಿತ್ತು. ಒಳಗೆ ಬಿಸಿ ಏರಿದರೆ ಪಾಲಿಹೌಸಿನ ಪಕ್ಕದ ಪರದೆಯನ್ನು ಎತ್ತಬೇಕು, ಹೊರಗೆ ಗಾಳಿ ಜೋರಾದರೆ ಇಳಿಸಬೇಕು. ಪೆಟ್ಟಿಗೆಯ ಕೆಲಸ ಅಷ್ಟೇ. ಅದರೊಳಗಿನ ಚಿಪ್‌ಗೆ ಬೇಕಾದ ಕೋಡನ್ನು ಮೊದಲಿನಿಂದ ಕೊನೆಯವರೆಗೆ ಬರೆದವರು ಕಂಪನಿಯ ಯಜಮಾನ ಯತಿರಾಜ್. ಯಾವ ಕಾಲೇಜಿನಲ್ಲೂ ಕಲಿಯದೆ, ಬೆಸುಗೆ ಹಾಕುತ್ತಲೇ ಪ್ರೋಗ್ರಾಮಿಂಗ್ ಕಲಿತ ಮನುಷ್ಯ. ತಮ್ಮ ಪೆಟ್ಟಿಗೆಯ ಮೇಲೆ ಅವರಿಗೆ ಹೆತ್ತ ಮಕ್ಕಳ ಮೇಲಿನಷ್ಟೇ ಅಭಿಮಾನ.

ಮಾಲಾಳ ದಾರಿಯೂ ಹೆಚ್ಚು ಕಡಿಮೆ ಅಂಥದ್ದೇ. ರಾಯಕೋಟೆಯ ರೈತರ ಮನೆಯ ಸೊಸೆ. ಒಂಬತ್ತು ವರ್ಷ ಫ್ಯಾಕ್ಟರಿಯ ತಪಾಸಣೆ ಮೇಜಿನ ಮುಂದೆ ಕೂತು, ಲೈನಿನಲ್ಲಿ ಬರುವ ಸರ್ಕ್ಯೂಟ್ ಬೋರ್ಡುಗಳ ತಪ್ಪು ಹುಡುಕಿದವಳು. ಬೋರ್ಡಿನೊಳಗೆ ಏನು ನಡೆಯುತ್ತದೆ ಎಂಬ ಕುತೂಹಲ ಹುಟ್ಟಿದ ಮೇಲೆ, ಷಿಫ್ಟಿಗೆ ಹೋಗಿಬರುವ ಬಸ್ಸಿನಲ್ಲೇ ಫೋನಿನಲ್ಲಿ ಪಾಠ ಕೇಳಿ ಕೋಡು ಬರೆಯಲು ಕಲಿತಳು. ಗೊತ್ತಿಲ್ಲದ್ದು ಎದುರಾದರೆ ಅವಳು ಹೆದರುತ್ತಿರಲಿಲ್ಲ. ಕೂತು ನೋಡಿದರೆ ಯಾವ ಗಂಟೂ ಬಿಚ್ಚಿಕೊಳ್ಳುತ್ತದೆ ಎಂಬುದು ಆ ಒಂಬತ್ತು ವರ್ಷ ಕಲಿಸಿದ ಪಾಠ.

ಫೋನು ಇಟ್ಟ ಯತಿರಾಜ್, ರಾಮಾಂಜಿನಪ್ಪನವರ ಊರಿನ ಕರೆಂಟೇ ಸರಿಯಿಲ್ಲ ಎಂದು ಗೊಣಗಿದರು. ಮೊದಲ ಮೋಟಾರು ಸುಟ್ಟಾಗಲೂ ಅವರು ಅದನ್ನೇ ಹೇಳಿದ್ದರು. ಆ ಮಾತು ನಂಬಿ ರಾಮಾಂಜಿನಪ್ಪ ವೈರಿಂಗನ್ನೆಲ್ಲ ಹೊಸದಾಗಿ ಎಳೆಸಿದ್ದರು. ಆದರೂ ಒಂದು ಸಲ ಕೋಡು ನೋಡಿಬಿಡು ಎಂದು ಮಾಲಾಳಿಗೆ ಹೇಳಿ, ತಾವು ಹೊಸ ಮೋಟಾರು ಹೊಂದಿಸಲು ಕೂತರು.

ಮಾಲಾ ಕೋಡು ಬರೆಯುವ ಎಡಿಟರಿನಲ್ಲಿ ಫೈಲು ತೆರೆದಳು. ಮೇಲಿನಿಂದ ಕೆಳಗಿನವರೆಗೆ ಕೆಂಪು ಗೆರೆ. ನಾನೂರ ಹನ್ನೆರಡು ತಪ್ಪುಗಳಿವೆ ಎಂದು ಕೆಳಗಿನ ಪಟ್ಟಿ ಹೇಳುತ್ತಿತ್ತು. ಆದರೆ ಯತಿರಾಜ್ ಆದೇಶಗಳನ್ನೆಲ್ಲ ಸಾಲಾಗಿ ಬರೆದಿಟ್ಟಿದ್ದ ಬ್ಯಾಚ್ ಫೈಲನ್ನು ಒತ್ತಿದರೆ ಅದೇ ಕೋಡು ಒಂದೂ ತಕರಾರಿಲ್ಲದೆ ಬಿಲ್ಡ್ ಆಗಿ ಪೆಟ್ಟಿಗೆಗೆ ಹಾಕಲು ತಯಾರಾಗುತ್ತಿತ್ತು.

"ಆ ಗೆರೆಗಳ್ನ ನೋಡ್ಬೇಡ ಕಣಮ್ಮ," ಎಂದರು ಯತಿರಾಜ್, ತಲೆ ಎತ್ತದೆ. "ಐದು ವರ್ಸದಿಂದ ಹಂಗೇ ಅವೆ. ಬಿಲ್ಡ್ ಆಯ್ತದಲ್ಲ, ಸಾಕು."

"ಎಲ್ಲಾ ಸಾಲೂ ಕೆಂಪಾಗಿದ್ರೆ ನಿಜವಾದ ತಪ್ಪು ಯಾವ್ದು ಅಂತ ಹೆಂಗೆ ಸಾರ್ ಗೊತ್ತಾಗೋದು? ಊಟದ ಹೊತ್ತಿನ್ಗಂಟ ಟೈಮ್ ಕೊಡಿ."

ಅವರು ಮೋಟಾರಿನ ತಿರುಪು ಬಿಗಿಯುತ್ತಲೇ ಇದ್ದರು. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು. ಫ್ಯಾಕ್ಟರಿಯಲ್ಲಿ ಒಮ್ಮೆ ಅವಳ ಲೈನಿನ ಎಚ್ಚರಿಕೆ ದೀಪ ಕೆಟ್ಟು ಮೂರು ದಿನ ಸುಮ್ಮನೆ ಉರಿದಿತ್ತು. ನಾಲ್ಕನೇ ದಿನ ನಿಜವಾದ ದೋಷ ಬಂದಾಗ ಯಾರೂ ತಲೆ ಎತ್ತಿ ನೋಡಿರಲಿಲ್ಲ.

ಪಟ್ಟಿಯ ಮೊದಲ ತಪ್ಪನ್ನು ಓದಿದಳು. ಚಿಪ್‌ನ ವಿವರಗಳಿರುವ ಹೆಡರ್ ಫೈಲು ಸಿಗುತ್ತಿಲ್ಲ ಎಂದಿತ್ತು. ಅದೊಂದು ಸಿಗದ್ದರಿಂದಲೇ ಉಳಿದ ನಾನೂರೂ ಹುಟ್ಟಿಕೊಂಡಿವೆ ಎಂದು ಅವಳಿಗೆ ಹೊಳೆಯಿತು. ಬರೆದದ್ದನ್ನು ಚಿಪ್‌ಗೆ ತಿಳಿಯುವ ಭಾಷೆಗೆ ತಿರುಗಿಸುವುದು ಕಂಪೈಲರ್. ಬರೆಯುತ್ತಿರುವಾಗಲೇ ಓದಿ ಗೆರೆ ಎಳೆಯುವುದು ಎಡಿಟರಿನೊಳಗಿನ ಬೇರೊಂದು ಪ್ರೋಗ್ರಾಂ. ಹೆಡರ್ ಫೈಲುಗಳು ಎಲ್ಲಿವೆ ಎಂದು ಅದು ಕಂಪೈಲರನ್ನೇ ಕೇಳಿ ತಿಳಿದುಕೊಳ್ಳಬೇಕು. ಕಂಪೈಲರ್ ಎಲ್ಲರೂ ಹಾಕುವ ಜಾಗದಲ್ಲಿದ್ದರೆ ತಾನೇ ಹುಡುಕಿಕೊಳ್ಳುತ್ತದೆ. ಇಲ್ಲಿ ಅದು ಎಲ್ಲಿತ್ತು?

ಬ್ಯಾಚ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಉತ್ತರ ಸಿಕ್ಕಿತು. ಹಿಂದೊಮ್ಮೆ ಸಿ ಡ್ರೈವ್ ತುಂಬಿಹೋದಾಗ ಯತಿರಾಜ್ ಎಲ್ಲವನ್ನೂ ಡಿ ಡ್ರೈವ್‌ಗೆ ಸಾಗಿಸಿ, ಆ ಫೋಲ್ಡರಿಗೆ ಇಂಗ್ಲಿಷ್ ಅಕ್ಷರದಲ್ಲಿ 'ಹಳೇ ಟೂಲ್ಸ್' ಎಂದು ಹೆಸರಿಟ್ಟಿದ್ದರು. ಬ್ಯಾಚ್ ಫೈಲಿಗೆ ಆ ವಿಳಾಸ ಗೊತ್ತಿತ್ತು, ಎಡಿಟರಿಗೆ ಯಾರೂ ಹೇಳಿರಲಿಲ್ಲ. ಅದು ಲ್ಯಾಪ್‌ಟಾಪಿನಲ್ಲೇ ಇದ್ದ ಇನ್ನೊಂದು ಕಂಪೈಲರನ್ನು ನಂಬಿಕೊಂಡು, ಲ್ಯಾಪ್‌ಟಾಪಿಗೆ ಬರೆದ ಕೋಡು ಇದು ಎಂದುಕೊಂಡು ಓದುತ್ತಿತ್ತು.

ಮಾಲಾ ಸೆಟ್ಟಿಂಗಿನಲ್ಲಿ ಪೂರ್ತಿ ವಿಳಾಸ ಬರೆದಳು. ಕೆಂಪು ಹೋಗಲಿಲ್ಲ. ಎಡಿಟರ್ ತಾನು ಮಾಡಿದ್ದನ್ನೆಲ್ಲ ದಾಖಲಿಸುವ ಲಾಗ್ ತೆಗೆದು ಒಂದೊಂದೇ ಸಾಲು ಓದುತ್ತ ಹೋದಳು. 'ಹಳೇ' ಎಂಬ ಹೆಸರಿನ ಪ್ರೋಗ್ರಾಂ ಇಲ್ಲ ಎಂದು ಅದು ದೂರುತ್ತಿತ್ತು. ಹೆಸರಿನ ನಡುವಿನ ಖಾಲಿ ಜಾಗದಲ್ಲೇ ವಿಳಾಸ ಎರಡು ತುಂಡಾಗಿತ್ತು. ಅವಳಿಗೆ ನಗು ಬಂತು. ಇಡೀ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದಳು. ಈ ಸಲ ಕಂಪೈಲರ್ ಸಿಕ್ಕಿತು, ಹೆಡರ್ ಮಾತ್ರ ಸಿಗಲಿಲ್ಲ. ಮತ್ತೆ ಲಾಗ್. ಗೊತ್ತಿಲ್ಲದ ಜಾಗದಲ್ಲಿರುವ ಯಾವ ಕಂಪೈಲರನ್ನೂ ತಾನಾಗಿ ಓಡಿಸುವುದಿಲ್ಲ, ಅನುಮತಿಯ ಪಟ್ಟಿಯಲ್ಲಿ ಅದರ ಹೆಸರು ಇರಬೇಕು ಎಂದಿತ್ತು. ಸರಿಯಾದ ಮಾತೇ. ಗುರುತಿಲ್ಲದವರನ್ನು ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಅವಳು ಆ ಪಟ್ಟಿಗೂ ವಿಳಾಸ ಸೇರಿಸಿ, ಎಡಿಟರನ್ನು ಮುಚ್ಚಿ ತೆರೆದಳು.

ನಾನೂರ ಹನ್ನೆರಡು ಇದ್ದದ್ದು ಮೂರಕ್ಕೆ ಇಳಿದಿತ್ತು.

ಮೊದಲ ಎರಡು, ಕೋಡಿನಲ್ಲಿ ಇಟ್ಟು ಬಳಸದೆ ಬಿಟ್ಟ ಹೆಸರುಗಳು, ಅಪಾಯವಿಲ್ಲದವು. ಮೂರನೆಯದನ್ನು ನೋಡಿ ಅವಳ ಬೆನ್ನು ನೆಟ್ಟಗಾಯಿತು. ಪರದೆ ಒಮ್ಮೆ ಇಳಿದ ಮೇಲೆ ಮತ್ತೆ ಏರುವ ಮುನ್ನ ಒಂದು ನಿಮಿಷ ಕಾಯಬೇಕು ಎಂಬ ಸಾಲು ಅದು. ಅರವತ್ತು ಸೆಕೆಂಡನ್ನು ಸಾವಿರದಿಂದ ಗುಣಿಸಿದರೆ ಮಿಲಿಸೆಕೆಂಡಿನಲ್ಲಿ ಅರವತ್ತು ಸಾವಿರ. ಆ ಚಿಪ್‌ನ ಸಾಮಾನ್ಯ ಸಂಖ್ಯೆಯಲ್ಲಿ ಮೂವತ್ತೆರಡು ಸಾವಿರ ಚಿಲ್ಲರೆಗಿಂತ ಹೆಚ್ಚು ಹಿಡಿಯುವುದಿಲ್ಲ. ಮೀರಿದರೆ ತಿರುಗಿ ಮೈನಸ್ಸಿಗೆ ಬೀಳುತ್ತದೆ. ಲ್ಯಾಪ್‌ಟಾಪಿನ ಸಂಖ್ಯೆಯಲ್ಲಾದರೆ ಇನ್ನೂರು ಕೋಟಿ ಹಿಡಿಯುತ್ತದೆ. ಅದಕ್ಕೇ ಎಡಿಟರ್ ಇಷ್ಟು ದಿನ ಆ ಸಾಲಿನಲ್ಲಿ ಈ ತಪ್ಪನ್ನು ಕಂಡಿರಲಿಲ್ಲ. ಸರಿಯಾದ ಕಂಪೈಲರ್ ಗೊತ್ತಾದ ಮರುಕ್ಷಣ ಹೇಳಿಬಿಟ್ಟಿತ್ತು: ಈ ಗುಣಾಕಾರದ ಫಲ ಮೈನಸ್ ಐದು ಸಾವಿರದ ಐನೂರ ಮೂವತ್ತಾರು.

ಮೈನಸ್ ಹೊತ್ತು ಕಾಯುವುದೆಂದರೆ ಕಾಯದೇ ಇರುವುದು.

ಅವಳು ಯತಿರಾಜ್‌ರನ್ನು ಕರೆದು ತೋರಿಸಿದಳು. ಅವರು ಮೊದಲು ಒಪ್ಪಲಿಲ್ಲ. ಇಪ್ಪತ್ತು ಪೆಟ್ಟಿಗೆ ಇದೇ ಕೋಡಿನಲ್ಲಿ ಓಡುತ್ತಿವೆ, ಬಿಲ್ಡ್ ಮಾಡುವಾಗ ಕಂಪೈಲರೂ ಏನೂ ಹೇಳಿಲ್ಲ ಎಂದರು. ಬ್ಯಾಚ್ ಫೈಲಿನಲ್ಲಿ ಎಚ್ಚರಿಕೆಗಳನ್ನೆಲ್ಲ ಮುಚ್ಚಿಡು ಎಂದು ಬರೆದಿರುವುದನ್ನು ಮಾಲಾ ತೋರಿಸಿದಳು. ಅದನ್ನು ಬರೆದವರೂ ಅವರೇ. ಇಪ್ಪತ್ತು ಪೆಟ್ಟಿಗೆಯಲ್ಲೂ ಕಾಯುವ ಹೊತ್ತು ಒಂದು ನಿಮಿಷವೇ ಇದೆಯಾ ಎಂದು ಕೇಳಿದಳು.

ಯತಿರಾಜ್ ಪೆಟ್ಟಿಗೆಗಳ ಪಟ್ಟಿ ತೆಗೆದು ನೋಡಿದರು. ಉಳಿದವಕ್ಕೆಲ್ಲ ಮೂವತ್ತು ಸೆಕೆಂಡು. ಗುಡ್ಡದ ಅಂಚಿನ ಜೋರು ಗಾಳಿಗೆ ಪರದೆ ಪದೇ ಪದೇ ಏರಿಳಿದು ಮೋಟಾರು ಬಿಸಿಯಾಗುತ್ತದೆ ಎಂದು ರಾಮಾಂಜಿನಪ್ಪ ಹೇಳಿದ್ದರಿಂದ, ಅವರ ಪೆಟ್ಟಿಗೆಗೆ ಮಾತ್ರ ಅರವತ್ತು ಮಾಡಿದ್ದರು. ಮೋಟಾರುಗಳು ಸುಡಲು ಶುರುವಾದದ್ದು ಆಮೇಲೆಯೇ.

"ಒಳ್ಳೇದಾಗ್ಲಿ ಅಂತ ಮಾಡ್ದೆ," ಎಂದರು ಮೆಲ್ಲಗೆ. "ನಾನೇ ಸುಟ್ಟಂಗಾಯ್ತು."

ಮೇಜಿನ ಮೇಲೆ ಒಂದು ಪೆಟ್ಟಿಗೆಯಿಟ್ಟು, ಗಾಳಿ ಅಳೆಯುವ ಬಟ್ಟಲುಗಳನ್ನು ಬೆರಳಿನಿಂದ ತಿರುಗಿಸಿ ನಿಲ್ಲಿಸಿ ಪರೀಕ್ಷೆ ಮಾಡಿದರು. ಮೋಟಾರು ಉಸಿರು ತೆಗೆದುಕೊಳ್ಳದೆ ಅತ್ತಿಂದಿತ್ತ ತಿರುಗಿತು. ಮಾಲಾ ಆ ಅಂಕಿಯನ್ನು ದೊಡ್ಡ ಬಗೆಯ ಸಂಖ್ಯೆಯಾಗಿ ಬದಲಿಸಿ, ಮತ್ತೆ ಬಿಲ್ಡ್ ಮಾಡಿದಳು. ಈ ಸಲ ಮೋಟಾರು ನಿಂತು, ಒಂದು ನಿಮಿಷ ಕಾದು ತಿರುಗಿತು.

ಹೊಸ ಮೋಟಾರು ಒಯ್ಯುವಾಗ ರಾಮಾಂಜಿನಪ್ಪನವರಿಗೆ ವಿಷಯ ನೀನೇ ಹೇಳಿಬಿಡು ಎಂದು ಯತಿರಾಜ್ ಕೇಳಿಕೊಂಡರು. ಮಾಲಾ ಒಪ್ಪಲಿಲ್ಲ.

"ನಾನು ಬತ್ತೀನಿ ಸಾರ್, ಪೆಟ್ಟಿಗೆ ಬದಲಾಯಿಸ್ತೀನಿ. ಆ ಮಾತು ಮಾತ್ರ ನೀವೇ ಹೇಳ್ಬೇಕು. ಅವ್ರು ನಿಮ್ಮನ್ನ ನಂಬಿ ವೈರಿಂಗ್ ಬದಲಾಯಿಸ್ದೋರು."

ಮರುದಿನ ಮಧ್ಯಾಹ್ನ ಇಬ್ಬರೂ ಹೋದರು. ಆಷಾಢದ ಗಾಳಿ ಗುಡ್ಡದಿಂದ ಇಳಿದು ಪಾಲಿಹೌಸಿನ ಹಾಳೆಗಳನ್ನು ಪಟಪಟ ಬಡಿಯುತ್ತಿತ್ತು. ಒಳಗೆ ಹೆಂಗಸರು ತೆಲುಗಿನಲ್ಲಿ ಹರಟುತ್ತ ಮೊಗ್ಗು ಕತ್ತರಿಸುತ್ತಿದ್ದರು. ಯತಿರಾಜ್ ಸುತ್ತುಬಳಸದೆ ಹೇಳಿದರು: ಕರೆಂಟಿನ ತಪ್ಪಲ್ಲ, ಗಾಳಿಯ ತಪ್ಪಲ್ಲ, ತಾವು ಬರೆದ ಒಂದು ಸಾಲಿನ ತಪ್ಪು. ಕಂಡುಹಿಡಿದವಳು ಈಕೆ.

ರಾಮಾಂಜಿನಪ್ಪ ಇಬ್ಬರ ಮುಖವನ್ನೂ ನೋಡಿದರು. ಅರವತ್ತು ದಾಟಿದ, ಮಿತಮಾತಿನ ಮನುಷ್ಯ.

"ನಮ್ಮ ವೈರಿಂಗ್ ಚೆನ್ನಾಗೇ ಇತ್ತು ಅನ್ನಿ," ಎಂದರು.

"ಚೆನ್ನಾಗೇ ಇತ್ತು," ಎಂದು ಯತಿರಾಜ್ ತಲೆ ತಗ್ಗಿಸಿದರು.

"ಆಯ್ತು ಬಿಡಿ. ಹೇಳ್ದೇ ಇದ್ದಿದ್ರೆ ಬೇಜಾರಾಗ್ತಿತ್ತು."

ಮಾಲಾ ಪೆಟ್ಟಿಗೆ ಜೋಡಿಸಿ ಸ್ವಿಚ್ಚು ಹಾಕಿದಳು. ಗಾಳಿ ಬೀಸಿತು, ಪರದೆ ಇಳಿಯಿತು. ಗಾಳಿ ನಿಂತಿತು, ಪರದೆ ಅಲುಗಲಿಲ್ಲ. ಯತಿರಾಜ್ ಕೈಗಡಿಯಾರ ಹಿಡಿದು ನಿಂತರು. ಹೆಂಗಸರೂ ಕತ್ತರಿ ನಿಲ್ಲಿಸಿ ನೋಡಿದರು. ಮಾಲಾ ಗಡಿಯಾರದತ್ತ ನೋಡಲಿಲ್ಲ. ಸಂಖ್ಯೆ ಸರಿಯಾಗಿದೆ ಎಂದು ಅವಳಿಗೆ ಗೊತ್ತಿತ್ತು. ಅರವತ್ತನೇ ಸೆಕೆಂಡಿಗೆ ಮೋಟಾರು ಗುಂಯ್‌ಗುಟ್ಟಿ, ಪರದೆ ನಿಧಾನವಾಗಿ ಮೇಲೇರತೊಡಗಿತು.

ವಾಪಸ್ಸು ಬರುವಾಗ ಯತಿರಾಜ್, ನಾಳೆ ಉಳಿದ ಎರಡು ಲ್ಯಾಪ್‌ಟಾಪುಗಳಲ್ಲೂ ಆ ಸೆಟ್ಟಿಂಗು ಹಾಕಿಕೊಡು, ಹೇಗೆ ಹಾಕಬೇಕೆಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೂ ಅಂಟಿಸು ಎಂದರು. ಬ್ಯಾಚ್ ಫೈಲಿನಲ್ಲಿ ಎಚ್ಚರಿಕೆಗಳನ್ನು ಮುಚ್ಚಿಟ್ಟ ಆ ಸಾಲನ್ನು ಮಾತ್ರ ತಾವೇ ತೆಗೆಯುವುದಾಗಿ ಹೇಳಿದರು. ಮಾಲಾ ಆಗಲಿ ಎಂದಳು.